ಡೈ ಹಾಕಿ ಸ್ಕ್ಯಾನ್ ಮಾಡಿಸಿದ್ರೆ ಕಿಡ್ನಿ ಹೋಗುತ್ತಾ? ಭಯ ಎಷ್ಟು, ನಿಜ ಎಷ್ಟು

ಹಾಸನ: ಜಿಲ್ಲೆಯಲ್ಲಿ ಯಾರಿಗಾದರೂ ಡಾಕ್ಟರು "ಡೈ ಹಾಕಿ ಸಿ.ಟಿ. ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ" ಅಂತಲೋ, "ಒಂದು ಆಂಜಿಯೋಗ್ರಾಂ ಆಗಬೇಕು" ಅಂತಲೋ ಚೀಟಿ ಬರೆದುಕೊಟ್ಟರೆ, ಆ ಚೀಟಿ ಸ್ಕ್ಯಾನ್ ಸೆಂಟರ್ ತಲುಪುವುದಕ್ಕೆ ಮುಂಚೆ ಹತ್ತು ಜನರ ಕಣ್ಣಿಗೆ ಬಿದ್ದಿರುತ್ತದೆ. ಮನೆಯವರು, ನೆಂಟರು, ಪಕ್ಕದ ಅಂಗಡಿಯವರು, ಆಮೇಲೆ ವಾಟ್ಸಾಪ್ ಗ್ರೂಪು. ಆ ಹತ್ತರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ಡೈ ಹಾಕಿಸ್ಕೋಬೇಡಿ, ಕಿಡ್ನಿ ಹೋಗುತ್ತಂತೆ."

ಮಾತು ಪೂರ್ತಿ ಸುಳ್ಳಲ್ಲ. ಡೈ, ಅಂದರೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿ, ಕೆಲವರ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು ಎಂಬುದನ್ನು ವೈದ್ಯಲೋಕ ಎಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದೆ. ತೊಂದರೆ ಇರುವುದು ಆ "ಕೆಲವರು" ಯಾರು ಎಂಬಲ್ಲಿ. ಹೆದರಬೇಕಿಲ್ಲದವರು ಹೆದರಿ ಬೇಕಾದ ಸ್ಕ್ಯಾನನ್ನೇ ಮುಂದೂಡುತ್ತಾರೆ. ನಿಜಕ್ಕೂ ಎಚ್ಚರ ಬೇಕಾದವರು ತಮ್ಮ ಕಿಡ್ನಿಯ ಲೆಕ್ಕ ತಮಗೇ ಗೊತ್ತಿಲ್ಲದೆ, ಬರಿಹೊಟ್ಟೆಯಲ್ಲಿ ಬಸ್ ಹತ್ತಿ ಬಂದು ಸರದಿಯಲ್ಲಿ ಕೂರುತ್ತಾರೆ.

ಈ ವಿಷಯ ಹಾಸನದವರಿಗೆ ದೂರದ್ದಲ್ಲ. 2025ರ ಜೂನ್-ಜುಲೈನಲ್ಲಿ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಕಂಡಿಲ್ಲ ಎಂದು ಸರ್ಕಾರಕ್ಕೆ ವರದಿ ಕೊಟ್ಟಿತು. ಭಯ ತಣ್ಣಗಾಯಿತು. ಆದರೆ ಎದೆ ಚುರ್ ಅಂದರೆ ಇಸಿಜಿ, ಎಕೋ ಮಾಡಿಸುವ ಎಚ್ಚರ ಉಳಿಯಿತು. ಅದು ಒಳ್ಳೆಯದೇ. ಹಾಗೆ ಪರೀಕ್ಷೆಗೆ ಹೋದವರಲ್ಲಿ ಕೆಲವರಿಗೆ ಆಂಜಿಯೋಗ್ರಾಂ ಅಥವಾ ಸಿ.ಟಿ. ಆಂಜಿಯೋ ಬೇಕಾಗುತ್ತದೆ. ಎರಡಕ್ಕೂ ಡೈ ಬೇಕೇ ಬೇಕು.

ಇನ್ನೊಂದು ಕಡೆಯಿಂದಲೂ ಭಯ ಸೇರಿಕೊಂಡಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಾದಾಗ ಅನುಮಾನ ಬಿದ್ದದ್ದು ಡ್ರಿಪ್ ಬಾಟಲಿಯ ದ್ರಾವಣದ ಮೇಲೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೈಕೊಟ್ಟು ತೀರಿಕೊಂಡರು; ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಇದನ್ನೆಲ್ಲ ಟಿ.ವಿ.ಯಲ್ಲಿ ನೋಡಿದವರು "ಆಸ್ಪತ್ರೆಲಿ ಕೊಡೋದೆಲ್ಲ ಕಿಡ್ನಿಗೆ ಕುತ್ತು" ಅಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಸಿರಪ್‌ನಲ್ಲಿ ಆದದ್ದು ಕಲಬೆರಕೆಯಿಂದ. ಡೈ ವಿಷಯದಲ್ಲಿ ಪ್ರಶ್ನೆ ಬೇರೆ: ಔಷಧಿ ಸರಿಯಾಗಿಯೇ ಇದ್ದು, ಅದನ್ನು ಹೊರಹಾಕಬೇಕಾದ ಕಿಡ್ನಿಗೆ ಅಷ್ಟು ತ್ರಾಣ ಇದೆಯೇ?

ಡೈ ಒಳಗೆ ಹೋಗಿ ಮಾಡೋದೇನು

ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಅಯೋಡಿನ್ ಎಕ್ಸ್‌ರೇಯನ್ನು ತಡೆಯುವುದರಿಂದ ಅದು ಹರಿದ ಜಾಗವೂ ಬೆಳ್ಳಗೆ ಕಾಣುತ್ತದೆ. ಹೊಟ್ಟೆಯದ್ದೋ ಎದೆಯದ್ದೋ ಸಿ.ಟಿ. ಸ್ಕ್ಯಾನಿಗೆ ಸಾಮಾನ್ಯವಾಗಿ 80ರಿಂದ 100 ಎಂ.ಎಲ್.ನಷ್ಟು ಡೈಯನ್ನು ಕೈಯ ನರಕ್ಕೆ ಚುಚ್ಚುತ್ತಾರೆ. ಚುಚ್ಚಿದ ಕೂಡಲೇ ಮೈಯೆಲ್ಲ ಬಿಸಿಯಾದ ಹಾಗೆ, ಮೂತ್ರ ಹೋದ ಹಾಗೆ ಅನ್ನಿಸುತ್ತದೆ. ಅದು ಕಿಡ್ನಿ ಸುಡುತ್ತಿರುವುದಲ್ಲ. ನಾಳಗಳು ಹಿಗ್ಗಿದ್ದರಿಂದ ಆಗುವ ಬಿಸಿ. ಒಂದೆರಡು ನಿಮಿಷಕ್ಕೆ ಹೋಗುತ್ತದೆ.

ಬಂದ ಡೈಯನ್ನು ಸೋಸಿ ಮೂತ್ರದಲ್ಲಿ ಹೊರಗೆ ಕಳಿಸುವುದು ಕಿಡ್ನಿಯ ಕೆಲಸ. ಗಟ್ಟಿ ಕಿಡ್ನಿ ಇದ್ದವರಲ್ಲಿ 24 ಗಂಟೆಯೊಳಗೆ ಹೆಚ್ಚುಕಮ್ಮಿ ಎಲ್ಲವೂ ಹೊರಗೆ ಹೋಗಿರುತ್ತದೆ. ಈ ದಾರಿಯಲ್ಲಿ ಎರಡು ತೊಂದರೆ ಆಗಬಹುದು. ಡೈ ಕಿಡ್ನಿಯ ಒಳಭಾಗದ ಸಣ್ಣ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಬಿಗಿ ಮಾಡುತ್ತದೆ. ಅಲ್ಲಿ ಮೊದಲೇ ಆಮ್ಲಜನಕ ಕಮ್ಮಿ. ಜೊತೆಗೆ ಮೂತ್ರ ಹರಿಯುವ ಸಣ್ಣ ಕೊಳವೆಗಳ ಗೋಡೆಯ ಜೀವಕೋಶಗಳಿಗೂ ಅದು ಒರಟು. ಮೈಯಲ್ಲಿ ನೀರು ಬತ್ತಿದ್ದರೆ ಡೈ ಆ ಕೊಳವೆಗಳಲ್ಲಿ ಮಂದವಾಗಿ, ಹೆಚ್ಚು ಹೊತ್ತು ನಿಲ್ಲುತ್ತದೆ. ಬೇಸಿಗೆಯಲ್ಲಿ ಚರಂಡಿಗೆ ನೀರು ಸಾಲದೆ ಕೊಳೆ ನಿಂತ ಹಾಗೆ.

ಹಳೇ ತಲೆಮಾರಿನ ಡೈಗಳು ರಕ್ತಕ್ಕಿಂತ ಐದಾರು ಪಟ್ಟು ಸಾಂದ್ರವಾಗಿದ್ದವು. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿದರೆ ನೀರು ಬಿಡುತ್ತದಲ್ಲ, ಹಾಗೆ ಅವು ಜೀವಕೋಶದಿಂದ ನೀರೆಳೆಯುತ್ತಿದ್ದವು. 1980ರ ದಶಕದಿಂದ ಐಯೋಹೆಕ್ಸಾಲ್‌ನಂಥ ಕಡಿಮೆ ಸಾಂದ್ರತೆಯ ಡೈಗಳು ಬಂದವು, ಆಮೇಲೆ ರಕ್ತದಷ್ಟೇ ಸಾಂದ್ರತೆಯ ಐಯೋಡಿಕ್ಸಾನಾಲ್ ಬಂತು. ಈಗ ನರಕ್ಕೆ ಚುಚ್ಚಲು ಬಳಸುವುದು ಈ ಹೊಸ ಬಗೆಯವನ್ನೇ. ಊರಲ್ಲಿ ಓಡಾಡುವ ಭಯಕ್ಕೆ ಮಾತ್ರ ಇನ್ನೂ ಹಳೇ ಡೈಯ ವಯಸ್ಸು.

ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ

ಡೈ ಕೊಟ್ಟ ಮೇಲೆ ಕಿಡ್ನಿ ಕೈಕೊಟ್ಟ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದದ್ದು 1954ರಲ್ಲಿ. ಮೂಳೆಮಜ್ಜೆಯ ಕ್ಯಾನ್ಸರ್ ಇದ್ದ ರೋಗಿಯೊಬ್ಬರಿಗೆ ಮೂತ್ರನಾಳದ ಎಕ್ಸ್‌ರೇ ಮಾಡಿದ ಬಳಿಕ ಮೂತ್ರವೇ ನಿಂತುಹೋಗಿತ್ತು. ಅಲ್ಲಿಂದ ಮುಂದೆ ದಶಕಗಟ್ಟಲೆ ಅಧ್ಯಯನಗಳು ನಡೆದವು. ಬಹುತೇಕ ಅಧ್ಯಯನಗಳ ಲೆಕ್ಕ ಹೀಗಿತ್ತು: ಡೈ ಕೊಟ್ಟವರ ಕ್ರಿಯಾಟಿನಿನ್ ಎರಡು-ಮೂರು ದಿನದಲ್ಲಿ ಕಾಲು ಭಾಗದಷ್ಟೋ 0.5ರಷ್ಟೋ ಏರಿದರೆ ಅದು ಡೈಯಿಂದಲೇ ಆದದ್ದು.

ಈ ಲೆಕ್ಕದಲ್ಲಿ ದೊಡ್ಡ ತೂತಿತ್ತು. ಆಸ್ಪತ್ರೆಗೆ ಸೇರಿ ಸ್ಕ್ಯಾನ್ ಮಾಡಿಸಿಕೊಳ್ಳುವಷ್ಟು ಕಾಯಿಲೆ ಇದ್ದವರಲ್ಲಿ ಡೈ ಕೊಡದಿದ್ದರೂ ಕ್ರಿಯಾಟಿನಿನ್ ಏರಿಳಿಯುತ್ತದೆ. ಸೋಂಕು, ರಕ್ತಸ್ರಾವ, ಬಿ.ಪಿ. ಕುಸಿತ, ವಾಂತಿ-ಭೇದಿ, ಕೊಟ್ಟ ಇಂಜೆಕ್ಷನ್‌ಗಳು, ಎಲ್ಲವೂ ಕಿಡ್ನಿಯನ್ನು ಮುಟ್ಟುತ್ತವೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋದರೆ ಬೈಗುಳ ಕಾಗೆಗೇ.

2013ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯದ ಎರಡು ತಂಡಗಳು ಡೈ ಹಾಕಿಸಿಕೊಂಡವರನ್ನು, ಅಂಥದ್ದೇ ಸ್ಥಿತಿಯಲ್ಲಿದ್ದು ಡೈ ಇಲ್ಲದೆ ಸ್ಕ್ಯಾನ್ ಆದವರ ಜೊತೆ ಹೋಲಿಸಿದವು. ಕಿಡ್ನಿ ಚೆನ್ನಾಗಿದ್ದವರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಸಿಗಲಿಲ್ಲ. ಕಿಡ್ನಿ ತೀರಾ ಕುಗ್ಗಿದ್ದವರಲ್ಲಿ ಒಂದು ತಂಡಕ್ಕೆ ಅಪಾಯ ಕಂಡಿತು, ಇನ್ನೊಂದು ತಂಡಕ್ಕೆ ಅದೂ ಕಾಣಲಿಲ್ಲ.

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಮಾಹಿತಿ ಇಟ್ಟುಕೊಂಡು ಮಾಡಿದ, 2021ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಚೆನ್ನಾಗಿದೆ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ತಿಳಿಯಲು ಡಿ-ಡೈಮರ್ ಎಂಬ ರಕ್ತಪರೀಕ್ಷೆ ಇದೆ. ಅಂಕಿ 500 ದಾಟಿದರೆ ಡೈ ಹಾಕಿ ಸಿ.ಟಿ. ಮಾಡುವುದು ವಾಡಿಕೆ, ದಾಟದಿದ್ದರೆ ಇಲ್ಲ. 495 ಬಂದವರಿಗೂ 505 ಬಂದವರಿಗೂ ಆರೋಗ್ಯದಲ್ಲಿ ಏನು ಭೇದ? ಏನೂ ಇಲ್ಲ. ಅಂಗಡಿಯಲ್ಲಿ ಸಾಲದ ಮಿತಿ ಐನೂರು ಅಂತ ಇಟ್ಟರೆ, ಗೆರೆಯ ಈಚೆ ಆಚೆ ಇರುವ ಇಬ್ಬರು ಗಿರಾಕಿಗಳೂ ಒಂದೇ ಥರದವರು. ಗೆರೆಯ ಒಂದು ಬದಿಯವರಿಗೆ ಮಾತ್ರ ಹೆಚ್ಚಾಗಿ ಡೈ ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಹೀಗೆ 1.56 ಲಕ್ಷ ರೋಗಿಗಳ ದಾಖಲೆ ನೋಡಿದಾಗ, ಆರು ತಿಂಗಳವರೆಗಿನ ಕಿಡ್ನಿ ಕೆಲಸದಲ್ಲಿ ಡೈಯಿಂದ ಹಾನಿಯಾದ ಗುರುತು ಸಿಗಲಿಲ್ಲ.

ಇವೆಲ್ಲದರ ಪರಿಣಾಮವಾಗಿ ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆ ಮತ್ತು ಕಿಡ್ನಿ ಪ್ರತಿಷ್ಠಾನ 2020ರಲ್ಲಿ ಜಂಟಿಯಾಗಿ, ನರಕ್ಕೆ ಕೊಡುವ ಡೈಯ ಅಪಾಯವನ್ನು ಇಷ್ಟು ದಿನ ದೊಡ್ಡದು ಮಾಡಿ ಹೇಳಲಾಗಿತ್ತು ಎಂದು ಒಪ್ಪಿಕೊಂಡವು. "ಡೈಯಿಂದ ಆದ" ಎನ್ನುವ ಬದಲು "ಡೈ ನಂತರ ಕಂಡುಬಂದ" ಕಿಡ್ನಿ ಪೆಟ್ಟು ಎಂದು ಕರೆಯುವ ರೂಢಿಯೂ ಬಂದಿದೆ. ಮಾತು ಸಣ್ಣದು, ಅರ್ಥ ಸಣ್ಣದಲ್ಲ. ಹಾಗಂತ ಅಪಾಯವೇ ಇಲ್ಲ ಎಂದು ಯಾರೂ ಹೇಳಿಲ್ಲ. ವೃತ್ತ ಚಿಕ್ಕದಾಗಿದೆ. ಆ ಚಿಕ್ಕ ವೃತ್ತದೊಳಗೆ ಇರುವವರನ್ನು ಹುಡುಕುವ ಕೆಲಸ ಈಗ ಹೆಚ್ಚು ಮುಖ್ಯವಾಗಿದೆ.

ವೃತ್ತದೊಳಗೆ ಯಾರಿದ್ದಾರೆ

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಅಂಕಿಗೆ ಇಜಿಎಫ್‌ಆರ್ ಎನ್ನುತ್ತಾರೆ. ಸುಮಾರಾಗಿ ನೂರಕ್ಕೆ ಇಷ್ಟು ಅಂಕ ಅಂತ ತಿಳಿದುಕೊಂಡರೂ ಸಾಕು. ಅದು 30ಕ್ಕಿಂತ ಕೆಳಗಿದ್ದು ಇನ್ನೂ ಡಯಾಲಿಸಿಸ್‌ಗೆ ಹೋಗದವರು, ಮತ್ತು ಈಗಷ್ಟೇ ಯಾವುದೋ ಕಾರಣಕ್ಕೆ ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದವರು, ಇವರೇ ಮುಖ್ಯವಾಗಿ ಎಚ್ಚರ ಬೇಕಾದವರು. ಇವರಿಗೆ ಡೈ ಕೊಡಲೇಬೇಕಾದರೆ ಮುಂಚೆ ಮತ್ತು ಆಮೇಲೆ ಸಲೈನ್ ಡ್ರಿಪ್ ಹಾಕುತ್ತಾರೆ. 30ರಿಂದ 44ರೊಳಗೆ ಇದ್ದವರಿಗೆ, ಜೊತೆಗೆ ಬೇರೆ ತೊಂದರೆಗಳೂ ಇದ್ದರೆ, ಡಾಕ್ಟರು ನೋಡಿಕೊಂಡು ತೀರ್ಮಾನ ಮಾಡುತ್ತಾರೆ. 45ರ ಮೇಲಿದ್ದವರು ನರಕ್ಕೆ ಕೊಡುವ ಡೈಗೆ ಹೆದರಿ ಸ್ಕ್ಯಾನ್ ಬಿಡಬೇಕಿಲ್ಲ.

ಎಡವಟ್ಟಾಗುವುದು ಇಲ್ಲೇ. ಲ್ಯಾಬ್ ಚೀಟಿಯಲ್ಲಿ ಬರುವುದು ಬಹುಪಾಲು ಬರೀ ಕ್ರಿಯಾಟಿನಿನ್. ಅದರ ಪಕ್ಕ "ನಾರ್ಮಲ್" ಅಂತ ಒಂದು ಅಳತೆ. 25 ವರ್ಷದ ಹುಡುಗನಿಗೂ 1.2, 70 ವರ್ಷದ ಅಜ್ಜಿಗೂ 1.2 ಬಂದಿದೆ ಅಂದುಕೊಳ್ಳಿ. ಚೀಟಿ ನೋಡಿದವರು ಇಬ್ಬರಿಗೂ "ಏನೂ ತೊಂದ್ರೆ ಇಲ್ಲ" ಅನ್ನಬಹುದು. ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ಹುಡುಗನ ಇಜಿಎಫ್‌ಆರ್ ಸುಮಾರು 86. ಅಜ್ಜಿಯದ್ದು ಸುಮಾರು 49. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಅಜ್ಜಿಯ ಮೈಯಲ್ಲಿ ಅದೇ ಕಮ್ಮಿ, ಹಾಗಾಗಿ ಕಿಡ್ನಿ ಕುಗ್ಗಿದ್ದರೂ ಅಂಕಿ ದೊಡ್ಡದಾಗಿ ಕಾಣುವುದಿಲ್ಲ. ಸ್ಕ್ಯಾನಿಗೆ 49 ಅಡ್ಡಿಯಲ್ಲ. ಆದರೆ ಅದೇ ಅಜ್ಜಿಗೆ ನಾಲ್ಕು ದಿನ ವಾಂತಿ-ಭೇದಿಯಾಗಿ, ಮೈಕೈ ನೋವಿಗೆ ಮಾತ್ರೆ ನುಂಗಿ, ಆಮೇಲೆ ಸ್ಕ್ಯಾನಿಗೆ ಬಂದರೆ? ಹೋದ ತಿಂಗಳ ಚೀಟಿಯ ಲೆಕ್ಕ ಆಗ ನಡೆಯುವುದಿಲ್ಲ.

ಅದಕ್ಕೇ ಸಕ್ಕರೆ ಕಾಯಿಲೆ, ಬಿ.ಪಿ. ಬಹಳ ವರ್ಷದಿಂದ ಇದ್ದವರು, ಕಿಡ್ನಿ ಕಾಯಿಲೆ ಇದೆ ಎಂದು ಹಿಂದೆ ಹೇಳಿಸಿಕೊಂಡವರು, ಒಂದೇ ಕಿಡ್ನಿ ಇರುವವರು, ವಯಸ್ಸಾದವರು ಸ್ಕ್ಯಾನಿಗೆ ಹೋಗುವ ಮೊದಲು ಹೊಸದಾಗಿ ಕ್ರಿಯಾಟಿನಿನ್ ಮಾಡಿಸಿಕೊಂಡು, "ಇಜಿಎಫ್‌ಆರ್ ಎಷ್ಟಾಯ್ತು, ಬರೆದುಕೊಡಿ" ಎಂದು ಕೇಳುವುದು ಒಳ್ಳೆಯದು. ಖಾಸಗಿ ಲ್ಯಾಬಿನಲ್ಲಾದರೂ ಇದು ನೂರಿನ್ನೂರು ರೂಪಾಯಿಯ ಪರೀಕ್ಷೆ. ವಯಸ್ಸು ಮತ್ತು ಗಂಡೋ ಹೆಣ್ಣೋ ಎಂಬುದು ಗೊತ್ತಿದ್ದರೆ ಲೆಕ್ಕವನ್ನು ಮೊಬೈಲಿನಲ್ಲೇ ಹಾಕಬಹುದು.

ಬರಿಹೊಟ್ಟೆ, ಬಸ್ಸು, ಬಾಯಾರಿಕೆ

ಅರಕಲಗೂಡು, ಅರಸೀಕೆರೆ, ಬೇಲೂರು, ಸಕಲೇಶಪುರ, ಎಲ್ಲಿಂದ ಬಂದರೂ ಜಿಲ್ಲಾ ಕೇಂದ್ರಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್. ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಬೇರೆ. "ಖಾಲಿ ಹೊಟ್ಟೇಲಿ ಬನ್ನಿ" ಎಂದು ಸೆಂಟರಿನವರು ಹೇಳಿದ್ದನ್ನು ಮನೆಯವರು "ಹನಿ ನೀರೂ ಮುಟ್ಟಬಾರದು" ಎಂದು ಅರ್ಥ ಮಾಡಿಕೊಳ್ಳುತ್ತಾರೆ. ರಾತ್ರಿ ಎಂಟಕ್ಕೆ ಉಂಡವರು ಬೆಳಗ್ಗೆ ಮೊದಲ ಬಸ್ ಹಿಡಿದು, ಸರದಿ ಕಾದು, ಮಧ್ಯಾಹ್ನ ಒಂದಕ್ಕೆ ಮಂಚ ಹತ್ತುತ್ತಾರೆ. ಹದಿನೇಳು ಗಂಟೆ ಗಂಟಲಿಗೆ ನೀರಿಲ್ಲ. ಕಿಡ್ನಿಗೆ ಡೈ ಬರುವ ಹೊತ್ತಿಗೆ ಅದಕ್ಕೆ ಬೇಡವಾದ ಸ್ಥಿತಿ ಇದೇ.

ಈಗಿನ ಡೈಗಳಿಗೆ ಉಪವಾಸ ಬೇಕಿಲ್ಲ ಎಂದು ಯುರೋಪಿನ ರೇಡಿಯಾಲಜಿ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮಂಪರು ಇಂಜೆಕ್ಷನ್ ಕೊಡುವುದಿದ್ದರೆ, ಹೊಟ್ಟೆಯ ಕೆಲವು ಪರೀಕ್ಷೆಗಳಿದ್ದರೆ, ಆಂಜಿಯೋಗ್ರಾಂ ಇದ್ದರೆ ಆಸ್ಪತ್ರೆಯವರು ಖಾಲಿ ಹೊಟ್ಟೆ ಕೇಳಬಹುದು, ಅದನ್ನು ಮೀರಬಾರದು. ಆದರೆ ಚೀಟಿ ಪಡೆಯುವಾಗಲೇ "ಊಟ ಬಿಡ್ತೀವಿ, ನೀರು ಕುಡೀಬಹುದಾ? ಎಷ್ಟು ಗಂಟೆವರೆಗೆ?" ಎಂದು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ಬಹಳ ಸಲ ಉತ್ತರ "ಕುಡೀಬಹುದು" ಎಂದೇ ಇರುತ್ತದೆ. ಹಾರ್ಟ್ ವೀಕ್ ಇದ್ದು ನೀರು ಅಳೆದು ಕುಡಿಯಲು ಹೇಳಿಸಿಕೊಂಡವರು, ಡಯಾಲಿಸಿಸ್ ಮಾಡಿಸುತ್ತಿರುವವರು ಮಾತ್ರ ತಮ್ಮ ಡಾಕ್ಟರು ಹೇಳಿದ ಅಳತೆ ಬಿಟ್ಟು ಲೀಟರ್‌ಗಟ್ಟಲೆ ಕುಡಿಯಬಾರದು. ಅವರಿಗೆ ನೀರು ಶ್ವಾಸಕೋಶಕ್ಕೆ ಏರುತ್ತದೆ.

ಇದರ ಇನ್ನೊಂದು ಬದಿಯೂ ಇದೆ. ಡೈಗೆ ಮುಂಚೆ ಎಲ್ಲರಿಗೂ ಡ್ರಿಪ್ ಬೇಕು ಅಂತಲೂ ಇಲ್ಲ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ 660 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಜಿಎಫ್‌ಆರ್ 30ರಿಂದ 59ರ ನಡುವೆ ಇದ್ದವರಿಗೆ ಡ್ರಿಪ್ ಹಾಕಿದರೂ ಹಾಕದಿದ್ದರೂ ಫಲಿತಾಂಶ ಒಂದೇ ಆಗಿತ್ತು. ಕಿಡ್ನಿ ಉಳಿಸಲು ಅಂತ ಕೊಡುತ್ತಿದ್ದ ಅಸಿಟೈಲ್‌ಸಿಸ್ಟೀನ್ ಮಾತ್ರೆಯಿಂದ ಲಾಭವಿಲ್ಲ ಎಂಬುದು ಐದು ಸಾವಿರಕ್ಕೂ ಹೆಚ್ಚು ಆಂಜಿಯೋಗ್ರಾಂ ರೋಗಿಗಳ ಪ್ರಯೋಗದಲ್ಲಿ ಗೊತ್ತಾಯಿತು. ಅದು ಪ್ರಕಟವಾದದ್ದು 2018ರಲ್ಲಿ.

ಮೆಡಿಕಲ್ ಶಾಪಿನ ಕೌಂಟರ್

ಕಿಡ್ನಿ ವಿಷಯಕ್ಕೆ ಬಂದರೆ ಡೈಗಿಂತ ಹೆಚ್ಚು ಹೆದರಬೇಕಾದದ್ದು ಊರಿನ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದ ನೋವಿನ ಮಾತ್ರೆಗಳು. ಆಲೂಗಡ್ಡೆ ಕೀಳುವ ಕಾಲ, ಶುಂಠಿ ಕೆಲಸ, ಕಾಫಿ ಕೊಯ್ಲು ಬಂದರೆ ಸೊಂಟ, ಮಂಡಿ ಕೇಳುವುದಿಲ್ಲ. "ಅಣ್ಣಾ, ನೋವಿಗೆ ಎರಡು ಮಾತ್ರೆ ಕೊಡಿ" ಅಂದರೆ ಚೀಟಿ ಇಲ್ಲದೆಯೇ ಕೈಗೆ ಬರುವುದೂ ಉಂಟು. ಈ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತವೆ. ಡೈ ಮಾಡುವುದೂ ಸ್ವಲ್ಪ ಹೊತ್ತು ಅದನ್ನೇ. ಡೈ ಜೀವಮಾನದಲ್ಲಿ ಒಂದೆರಡು ಸಲ ಬರುತ್ತದೆ. ಮಾತ್ರೆ ವರ್ಷವಿಡೀ ಇರುತ್ತದೆ. ಎರಡೂ ಒಂದೇ ವಾರದಲ್ಲಿ, ಅದೂ ಮೊದಲೇ ಕುಗ್ಗಿದ ಕಿಡ್ನಿಯ ಮೇಲೆ ಬಿದ್ದರೆ ಪೆಟ್ಟು ಬೀಳುತ್ತದೆ. ಆಮೇಲೆ ಅಪವಾದ ಬರುವುದು ಡೈ ಮೇಲೆ. ಮಾತ್ರೆಯ ಹೆಸರನ್ನು ಯಾರೂ ಎತ್ತುವುದಿಲ್ಲ.

ಸ್ಕ್ಯಾನಿಗೆ ಮುಂಚೆ ಮತ್ತು ಆಮೇಲೆ ಒಂದೆರಡು ದಿನ ಈ ನೋವಿನ ಮಾತ್ರೆಗಳನ್ನು ಬಿಡಬಹುದೇ ಎಂದು ಡಾಕ್ಟರನ್ನು ಕೇಳಬೇಕು. ಇಲ್ಲಿ ಔಷಧಿ ಅಂಗಡಿಯವರ ಪಾತ್ರ ಸಣ್ಣದಲ್ಲ. ತಾಲ್ಲೂಕಿನಲ್ಲಿ ಒಬ್ಬ ಮನುಷ್ಯ ಏನೇನು ನುಂಗುತ್ತಿದ್ದಾನೆ ಎಂಬ ಪೂರ್ತಿ ಪಟ್ಟಿ ಗೊತ್ತಿರುವುದು ಎಷ್ಟೋ ಸಲ ಅವರಿಗೊಬ್ಬರಿಗೇ. "ಸ್ಕ್ಯಾನಿಗೆ ಹೋಗ್ತಿದ್ದೀರಾ? ಹಾಗಾದ್ರೆ ಇದನ್ನ ಈಗ ಬೇಡ, ಡಾಕ್ಟರ ಹತ್ರ ಕೇಳಿ" ಎಂಬ ಒಂದು ಮಾತು ಕೌಂಟರಿನ ಆ ಕಡೆಯಿಂದ ಬಂದರೆ ಅದರ ಬೆಲೆ ದೊಡ್ಡದು.

ಸಕ್ಕರೆ ಮಾತ್ರೆಯದ್ದು ಬೇರೆ ಗೊಂದಲ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಆದರೆ ಕಿಡ್ನಿ ನಿಧಾನವಾದರೆ ಅದು ಹೊರಹೋಗದೆ ಮೈಯಲ್ಲಿ ಕೂಡಿ, ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಅದಕ್ಕೆ ಇಜಿಎಫ್‌ಆರ್ 30ಕ್ಕಿಂತ ಕಮ್ಮಿ ಇದ್ದವರಿಗೆ, ಕಿಡ್ನಿಗೆ ಹೊಸದಾಗಿ ಪೆಟ್ಟಾದವರಿಗೆ, ಅಪಧಮನಿಯ ಮೂಲಕ ಡೈ ಹೋಗಿ ನೇರ ಕಿಡ್ನಿ ಸೇರುವಂಥ ಪರೀಕ್ಷೆಗಳಿಗೆ, ಡೈ ಕೊಟ್ಟ ಸಮಯದಿಂದ 48 ಗಂಟೆ ನಿಲ್ಲಿಸಿ, ಕ್ರಿಯಾಟಿನಿನ್ ನೋಡಿ ಮತ್ತೆ ಶುರು ಮಾಡುತ್ತಾರೆ. ಉಳಿದವರಿಗೂ ಮುನ್ನೆಚ್ಚರಿಕೆಗೆಂದು ನಿಲ್ಲಿಸಲು ಹೇಳುವ ಕಡೆಗಳಿವೆ. ಕೆಡುಕಾಗುವುದು ಎರಡು ದಿನ ನಿಲ್ಲಿಸಲು ಹೇಳಿದ್ದನ್ನು ಮರೆತು ಎರಡು ವಾರ ಎಲ್ಲ ಸಕ್ಕರೆ ಮಾತ್ರೆಯನ್ನೂ ಬಿಟ್ಟಾಗ. ಯಾವ ಮಾತ್ರೆ, ಎಷ್ಟು ದಿನ, ಮತ್ತೆ ಯಾವಾಗ ಶುರು, ಈ ಮೂರನ್ನೂ ಚೀಟಿಯ ಮೇಲೆ ಬರೆಸಿಕೊಂಡರೆ ಒಳ್ಳೆಯದು. ಬಿ.ಪಿ. ಮಾತ್ರೆ, ಮೂತ್ರ ಹೋಗಿಸುವ ಮಾತ್ರೆಗಳನ್ನಂತೂ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ಆಂಜಿಯೋಗ್ರಾಂ ಯಾಕೆ ಬೇರೆ

ಸಿ.ಟಿ.ಯಲ್ಲಿ ಡೈ ಕೈಯ ನರಕ್ಕೆ ಹೋಗಿ, ಹೃದಯ-ಶ್ವಾಸಕೋಶ ಸುತ್ತಿ, ರಕ್ತದಲ್ಲಿ ಬೆರೆತು ಕಿಡ್ನಿಗೆ ಬರುತ್ತದೆ. ಹೃದಯದ ಆಂಜಿಯೋಗ್ರಾಂನಲ್ಲಿ ತೂರುನಳಿಗೆ ಅಪಧಮನಿಯಲ್ಲಿ ಹೋಗುತ್ತದೆ, ಡೈ ಅಷ್ಟಾಗಿ ತಿಳಿಯಾಗದೆ ಕಿಡ್ನಿ ಸೇರಬಹುದು. ಬ್ಲಾಕ್ ತೆಗೆದು ಸ್ಟೆಂಟ್ ಹಾಕುವುದಾದರೆ ಡೈ ಇನ್ನಷ್ಟು ಬೇಕು. ಹೃದಯಾಘಾತದಲ್ಲಿ ಬಿ.ಪಿ. ಕುಸಿದು ಕಿಡ್ನಿಗೆ ರಕ್ತವೇ ಕಮ್ಮಿ ಆಗಿರುತ್ತದೆ. ನಳಿಗೆ ಉಜ್ಜಿ ಮಹಾಪಧಮನಿಯ ಕೊಬ್ಬಿನ ಚೂರುಗಳು ಹಾರಿ ಕಿಡ್ನಿ ಸೇರುವುದೂ ಅಪರೂಪಕ್ಕೆ ಉಂಟು. ಹಾಗಾಗಿ ಇಲ್ಲಿ ಅಪಾಯ ಸಿ.ಟಿ.ಗಿಂತ ಹೆಚ್ಚು, ಆದರೆ ಅದರಲ್ಲಿ ಎಷ್ಟು ಪಾಲು ಡೈಯದ್ದು, ಎಷ್ಟು ಕಾಯಿಲೆಯದ್ದು ಎಂದು ಬಿಡಿಸುವುದು ಕಷ್ಟ. ಕಿಡ್ನಿ ಕುಗ್ಗಿರುವುದು ಮೊದಲೇ ಗೊತ್ತಿದ್ದರೆ ಡಾಕ್ಟರು ಡೈಯ ಪ್ರಮಾಣ ಹಿಡಿತದಲ್ಲಿಡುತ್ತಾರೆ, ಅವಸರವಿಲ್ಲದ ಎರಡನೇ ಬ್ಲಾಕನ್ನು ಇನ್ನೊಂದು ದಿನಕ್ಕೆ ಇಡುತ್ತಾರೆ.

ಆದರೆ ಹೃದಯಾಘಾತ ಆಗುತ್ತಿರುವಾಗ, ಪಾರ್ಶ್ವವಾಯು ಬಡಿದಾಗ ಕ್ರಿಯಾಟಿನಿನ್ ವರದಿಗೆ ಕಾಯುತ್ತಾ ಕೂರುವ ಹಾಗಿಲ್ಲ. ಅಲ್ಲಿ ನಿಮಿಷಗಳ ಲೆಕ್ಕ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಆ ನಿಮಿಷಗಳನ್ನು ಉಳಿಸುವುದು: ಯೋಜನೆ ಇರುವ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುವುದು. ಅಂಥ ಹೊತ್ತಲ್ಲಿ "ಡೈ ಬೇಡ, ಕಿಡ್ನಿ ಹೋಗುತ್ತೆ" ಎಂದು ಸಹಿ ಹಾಕಲು ಒಲ್ಲೆ ಎನ್ನುವ ಮನೆಯವರು ಕಿಡ್ನಿ ಉಳಿಸಲು ಹೋಗಿ ಹೃದಯ ಕಳೆಯುತ್ತಾರೆ.

"ಡೈ ಇಲ್ದೆ ಮಾಡಿ ಸಾರ್" ಎಂದು ಸ್ಕ್ಯಾನ್ ಸೆಂಟರಿನಲ್ಲಿ ಹಟ ಹಿಡಿಯುವುದಕ್ಕೂ ಬೆಲೆ ಇದೆ. ಕಿಡ್ನಿ ಕಲ್ಲಿಗೆ ಡೈ ಬೇಡ, ತಲೆಗೆ ಪೆಟ್ಟಾಗಿ ರಕ್ತ ಇಳಿದಿದೆಯೇ ನೋಡಲು ಬೇಡ. ಆದರೆ ಶ್ವಾಸಕೋಶದ ರಕ್ತಹೆಪ್ಪು, ಮಹಾಪಧಮನಿಯ ಸೀಳು, ಈಲಿಯ ಗಡ್ಡೆ ಎಂಥದ್ದು, ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆ, ಇವು ಡೈ ಇಲ್ಲದ ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. ದುಡ್ಡೂ ಹೋಯಿತು, ಉತ್ತರವೂ ಸಿಗಲಿಲ್ಲ, ಮತ್ತೆ ಇನ್ನೊಂದು ಸ್ಕ್ಯಾನ್.

ಎಂ.ಆರ್.ಐ.ಗೆ ಬಳಸುವ ಡೈ ಬೇರೆಯದು, ಅದರಲ್ಲಿ ಅಯೋಡಿನ್ ಇಲ್ಲ, ಗ್ಯಾಡೋಲಿನಿಯಂ ಇರುತ್ತದೆ. ಅದರ ಹಳೇ ಬಗೆಗಳಿಂದ, ಕಿಡ್ನಿ ತೀರಾ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಕಾಯಿಲೆ ಕಂಡುಬಂದಿತ್ತು. ಆದ್ದರಿಂದ ಅಲ್ಲೂ ಕಿಡ್ನಿ ವಿಷಯ ಹೇಳಲೇಬೇಕು. ಮೈ ತುರಿಸುವುದು, ದದ್ದು ಏಳುವುದು, ಉಸಿರು ಕಟ್ಟುವುದು ಅಲರ್ಜಿ. ಅದು ಹೆಚ್ಚಾಗಿ ನಿಮಿಷಗಳಲ್ಲಿ ಬರುತ್ತದೆ. ಕಿಡ್ನಿ ಪೆಟ್ಟು ಸದ್ದಿಲ್ಲದೆ ದಿನಗಳಲ್ಲಿ ಬರುತ್ತದೆ. ಹಿಂದೆ ಡೈಗೆ ಅಲರ್ಜಿ ಆಗಿದ್ದವರು ಅದನ್ನು ಬೇರೆಯಾಗಿಯೇ ಹೇಳಬೇಕು.

ಮನೆಗೆ ಬಂದ ಮೇಲಿನ ಎರಡು ದಿನ

ಇಡೀ ಸರಪಳಿಯಲ್ಲಿ ಸಡಿಲ ಕೊಂಡಿ ಇದು. ಸ್ಕ್ಯಾನ್ ಜಿಲ್ಲಾ ಕೇಂದ್ರದಲ್ಲಿ, ಬರೆದ ಡಾಕ್ಟರು ಇನ್ನೊಂದು ಕಡೆ, ರೋಗಿ ಹಳ್ಳಿಯಲ್ಲಿ. ಕಿಡ್ನಿಗೆ ಪೆಟ್ಟಾಗಿದ್ದರೆ ಅದು ರಕ್ತದಲ್ಲಿ ಗೊತ್ತಾಗುವುದು 48ರಿಂದ 72 ಗಂಟೆಯ ಹೊತ್ತಿಗೆ, ಅಷ್ಟರಲ್ಲಿ ಫಿಲಂ ಕೈಗೆ ಬಂದು ಎಲ್ಲರೂ ನಿರಾಳ. ನೋವೂ ಇರುವುದಿಲ್ಲ, ಮೂತ್ರವೂ ಹೋಗುತ್ತಿರಬಹುದು. ಒಳ್ಳೆಯ ಸಂಗತಿ ಅಂದರೆ ಹೆಚ್ಚಿನವರಲ್ಲಿ ಏರಿದ ಕ್ರಿಯಾಟಿನಿನ್ ಮೂರರಿಂದ ಐದು ದಿನದಲ್ಲಿ ತುದಿ ಮುಟ್ಟಿ, ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಡಯಾಲಿಸಿಸ್‌ವರೆಗೆ ಹೋಗುವುದು ಅಪರೂಪ, ಅದೂ ಮೊದಲೇ ತೀರಾ ಕುಗ್ಗಿದ ಕಿಡ್ನಿಯವರಲ್ಲಿ. ಆದರೆ ಆ ವಾರದಲ್ಲಿ ಗೊತ್ತಿಲ್ಲದೆ ನೋವಿನ ಮಾತ್ರೆ, ಮೆಟ್‌ಫಾರ್ಮಿನ್ ಮುಂದುವರಿಸಿದರೆ ಗಾಯದ ಮೇಲೆ ಬರೆ.

ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಚಿಕಿತ್ಸೆಗೆ ಹೊರಗೆ ಕಳಿಸುವ ಚೀಟಿಯ ಮೇಲೆ ಇಜಿಎಫ್‌ಆರ್, ಪರೀಕ್ಷೆ ಮಾಡಿದ ದಿನಾಂಕ, ನುಂಗುತ್ತಿರುವ ಮಾತ್ರೆಗಳು, ಈ ಮೂರು ಸಾಲು ತಾಲ್ಲೂಕಿನಲ್ಲೇ ಬರೆದು ಕಳಿಸಿದರೆ ಸೆಂಟರಿನವರು ಕತ್ತಲಲ್ಲಿ ಕೆಲಸ ಮಾಡಬೇಕಾಗುವುದಿಲ್ಲ. ವಾಪಸ್ ಬರುವಾಗ ಡೈ ಕೊಟ್ಟ ದಿನ, ಎಷ್ಟು ಎಂ.ಎಲ್. ಎಂದು ಆ ಕಡೆಯಿಂದ ಒಂದು ಸಾಲು. ಹೀಗೆ ಎರಡು ಕಡೆಯೂ ಬರೆಯುವುದು ಕಡ್ಡಾಯವಾಗಲಿ ಎಂದು ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಕೂರುವವರು ಕೇಳಬಹುದು. ಡಯಾಲಿಸಿಸ್ ಯಂತ್ರ ಬಂದಾಗ ರಿಬ್ಬನ್ ಕತ್ತರಿಸಲು ಎಲ್ಲರೂ ಬರುತ್ತಾರೆ. ಈ ಮೂರು ಸಾಲಿಗೆ ರಿಬ್ಬನ್ ಇಲ್ಲ, ಅದೇ ಅದರ ಕಷ್ಟ.

ಇಜಿಎಫ್‌ಆರ್ 30ಕ್ಕಿಂತ ಕಮ್ಮಿ ಇದ್ದು ಡೈ ಹಾಕಿಸಿಕೊಂಡವರು, ಆಂಜಿಯೋಗ್ರಾಂ ಆದ ಕಿಡ್ನಿ ಕಾಯಿಲೆಯವರು ಎರಡನೇ ಅಥವಾ ಮೂರನೇ ದಿನ ತಮ್ಮ ತಾಲ್ಲೂಕಿನ ಲ್ಯಾಬಿನಲ್ಲೇ ಮತ್ತೊಮ್ಮೆ ಕ್ರಿಯಾಟಿನಿನ್ ಮಾಡಿಸಬೇಕು. ಅದಕ್ಕಾಗಿ ಹಾಸನಕ್ಕೆ ಮತ್ತೆ ಬಸ್ ಹತ್ತಬೇಕಿಲ್ಲ. ಯಾರಿಗೇ ಆಗಲಿ, ಸ್ಕ್ಯಾನ್ ಆದ ಮೂರ್ನಾಲ್ಕು ದಿನದೊಳಗೆ ಮೂತ್ರ ತೀರಾ ಕಮ್ಮಿಯಾದರೆ, ಕಾಲು-ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ಬಿಡದೆ ವಾಂತಿಯಾದರೆ ಹಳೇ ಚೀಟಿ, ಮಾತ್ರೆಗಳ ಪಟ್ಟಿ ಹಿಡಿದುಕೊಂಡು ಅವತ್ತೇ ಆಸ್ಪತ್ರೆಗೆ ಹೋಗಬೇಕು.